ಬೂದಿಬಟ್ಟಲಿನ ಮುಂದೆ

ಕೋಟು ಬಿಚ್ಚಬೇಡಿ, ಒಳಗೂ ಥಂಡಿಯೇ. ಇದು 1940ರ ಲೆನಿನ್‌ಗ್ರಾಡ್, ಫೊಂಟಾಂಕಾ ದಂಡೆಯ ಹಳೇ ಅರಮನೆಯ ಒಂದು ಕೋಣೆ. ನಿಮ್ಮ ಹೆಸರು ಲಿಡಿಯಾ ಚುಕೋವ್ಸ್ಕಾಯಾ. ಎದುರಿಗೆ ಕವಿ ಆನ್ನಾ ಅಖ್ಮಾತೋವಾ, ಬೆರಳ ಸಂದಿಯಲ್ಲಿ ಸಿಗರೇಟು. ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅವರ ಕಣ್ಣು ಸೂರಿನತ್ತ ಹೋಗುತ್ತದೆ, ಆಮೇಲೆ ಗೋಡೆಯತ್ತ. ಕದ್ದು ಕೇಳುವ ಕಿವಿ ಎಲ್ಲಿ ಕೂತಿದೆಯೋ!

ಚಹಾ ಬೇಕೇ ಎಂದು ಗೋಡೆಗೂ ಕೇಳಿಸುವಷ್ಟು ಗಟ್ಟಿಯಾಗಿ ವಿಚಾರಿಸುತ್ತಾರೆ. ಕೈಯಲ್ಲಿ ಪೆನ್ಸಿಲು ಆಗಲೇ ಓಡುತ್ತಿದೆ. ಚೀಟಿ ನಿಮ್ಮ ಕೈಗೆ ಬರುತ್ತದೆ.

ಓದುವ ಮೊದಲು ಒಂದು ಕ್ಷಣ. ಬೇಡ ಅನ್ನಬಹುದು. ಓದಿದಿರೋ, ಇನ್ನು ನಿಮ್ಮ ತಲೆಯೇ ಸಾಕ್ಷ್ಯ. ಆದರೆ ಚೀಟಿಯಲ್ಲಿರುವ ಕವಿತೆ ನಿಮ್ಮದೂ ಹೌದು. ಮಗ ಲೆವ್‌ಗಾಗಿ ಅವರು 17 ತಿಂಗಳು ಸೆರೆಮನೆಯ ಸಾಲಿನಲ್ಲಿ ನಿಂತವರು. ನೀವು ನಿಂತದ್ದು ಗಂಡನಿಗಾಗಿ. ಹತ್ತು ವರ್ಷ ಶಿಕ್ಷೆ, ಪತ್ರ ಬರೆಯುವಂತಿಲ್ಲ ಎಂದರು ಅಧಿಕಾರಿಗಳು. ಅವನನ್ನು 1938ರಲ್ಲೇ ಗುಂಡಿಕ್ಕಿ ಕೊಂದಿದ್ದರು.

ಓದಿ. ತುಟಿ ಅಲುಗದಿರಲಿ. ಮತ್ತೆ ಓದಿ. ಮೂರನೇ ಸಾಲು ಜಾರಿತೇ? ಹಿಡಿಯಿರಿ. ನಾಲ್ಕನೆಯದು? ಅಂಗೈ ಬೆವರುತ್ತಿದೆ, ಬಾಯಿ ಒಣಗಿದೆ, ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ. ಬಂತು, ನಿಂತಿತು, ಮುಂದೆ ಹೋಯಿತು. ತಲೆಯಾಡಿಸಿ ಚೀಟಿ ಹಿಂದಿರುಗಿಸುತ್ತೀರಿ. ಈ ಸಲ ಶರತ್ಕಾಲ ಬೇಗ ಬಂತಲ್ಲ ಎಂಬಂಥದ್ದೇನೋ ಅವರು ಜೋರಾಗಿ ಹೇಳುತ್ತಾರೆ, ಕಡ್ಡಿ ಗೀರುತ್ತಾರೆ. ಗಂಧಕದ ಘಾಟು. ಕಾಗದದ ಅಂಚು ಕಪ್ಪಾಗಿ ಸುರುಟಿಕೊಂಡು ಬೂದಿಬಟ್ಟಲಿಗೆ ಉದುರುತ್ತದೆ.

ಇದನ್ನು ಕೆಚ್ಚು ಅನ್ನುವವರುಂಟು. ನನಗಂತೂ ಮೊದಲು ಕಾಣುವುದು ಹೆದರಿಕೆ, ಹೆದರಿಕೊಂಡೇ ಮಾಡಿದರು.

ಈಗ ಬೀದಿ. ಹೆಜ್ಜೆಗೊಂದು ಪದ. ಯಾರಾದರೂ ಮಾತಾಡಿಸಿದರೆ ಸಾಲು ಚೆದುರೀತು. ಮನೆಗೆ ಹೋಗಿ ಬರೆದಿಡೋಣವೆಂದರೆ ಅದೂ ಆಗದು. ಎರಡರ ಮಗ್ಗಿಯಂತೆ ನಾಳೆಯೂ ಹೇಳಿಕೊಳ್ಳಬೇಕು, ನಾಡಿದ್ದೂ.

ಹೀಗೆ ಕೆಲವೇ ಆಪ್ತರ ಬಾಯಿಪಾಠದಲ್ಲಿ ಉಳಿದ ಆ ಕವಿತೆ, ‘ರೆಕ್ವಿಯಮ್’, 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯಿತು, ಕವಿಗೆ ತಿಳಿಸದೆಯೇ. ಅವರ ಸ್ವಂತ ನಾಡಿನಲ್ಲಿ ಅಚ್ಚಾದದ್ದು 1987ರಲ್ಲಿ. ಅಷ್ಟರಲ್ಲಿ ಅಖ್ಮಾತೋವಾ ತೀರಿಕೊಂಡು 21 ವರ್ಷವಾಗಿತ್ತು.