ಕಾರಿನಡಿಯ ಗಿಲಕಿ

ಚನ್ನಪಟ್ಟಣದಲ್ಲಿ ತಂಗಿಯ ಮಗುವಿಗೆಂದು ಅರಗಿನ ಬಣ್ಣದ ಗಿಲಕಿಯೊಂದನ್ನು ಕೊಂಡು ಕಾರು ಹತ್ತಿದೆ. ಸ್ಟಾರ್ಟ್ ಮಾಡಿದ ಕೂಡಲೇ ಗಲಗಲ ಸದ್ದು. ಗಿಲಕಿ ಸೀಟಿನಿಂದ ಉರುಳಿತೇನೋ ಎಂದು ಕೈ ಹಾಕಿದರೆ ಅದು ಪೊಟ್ಟಣದೊಳಗೇ ಬೆಚ್ಚಗಿತ್ತು. ಸದ್ದು ಕಾಲಡಿಯಿಂದ ಬರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಜೋರು, ಬಿಟ್ಟರೆ ಸಣ್ಣಗೆ. ಬಳೆಚೂರನ್ನು ತಗಡಿನ ಡಬ್ಬಿಗೆ ಹಾಕಿ ಅಲ್ಲಾಡಿಸಿದ ಹಾಗೆ.

ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ತಿಂಗಳ ಹಿಂದೆ ಮಾಗಡಿ ಕಡೆಯ ಏರಿನಲ್ಲಿ, ಮೂರನೇ ಗೇರಿನಲ್ಲೇ ಹತ್ತುತ್ತಿದ್ದ ಕಾರು ಎರಡಕ್ಕಿಳಿದರೂ ಏದುಸಿರು ಬಿಟ್ಟಿತು. ಪಿಕಪ್ ಇಲ್ಲವೆಂದು ಏರ್ ಫಿಲ್ಟರ್ ಬದಲಾಯಿಸಿ ಸುಮ್ಮನಾದೆ. ಆಮೇಲೆ ರಾಮನಗರದಲ್ಲಿ ಕೊಳೆತ ಮೊಟ್ಟೆಯ ವಾಸನೆ. ಅದು ರೇಷ್ಮೆಗೂಡಿನ ಊರು. ನೂಲು ಬಿಚ್ಚುವ ಬೀದಿಗಳ ಗಾಳಿಯಲ್ಲಿ ಬೆಂದ ಹುಳುವಿನ ವಾಸನೆ ಇದ್ದೇ ಇರುತ್ತದೆ. ಇದನ್ನೂ ಅದರ ಲೆಕ್ಕಕ್ಕೇ ಸೇರಿಸಿಬಿಟ್ಟೆ. ಆದರೆ ಹುಳುವಿನ ವಾಸನೆ ಊರು ದಾಟಿದರೆ ಹಿಂದುಳಿಯುತ್ತದೆ. ಇದು ನನ್ನ ಜೊತೆ ಕನಕಪುರದವರೆಗೂ ಬಂತು. ಪೆಟ್ರೋಲಿನಲ್ಲಿರುವ ಗಂಧಕದಿಂದ ಹುಟ್ಟುವ ವಾಸನೆ ಅದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಪೆಟ್ರೋಲಿನಲ್ಲಿ ಹತ್ತು ಲಕ್ಷ ಪಾಲಿಗೆ ಗಂಧಕ 10 ಪಾಲು ಮೀರುವಂತಿಲ್ಲ. ಗಂಧಕ ಕಡಿಮೆಯಾದರೆ ವಾಸನೆಯೂ ಕಡಿಮೆ, ಹಾಗಾಗಿ ಈಗ ಮೂಗೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಮೆಕ್ಯಾನಿಕ್ ಹುಡುಗ ಕಾರಿನಡಿ ತೂರಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಗಲಗಲ. "ಒಳಗಡೆ ಜೇನುಗೂಡು ಒಡ್ದೋಗದೆ ಅಣ್ಣ" ಎಂದ. ಸೈಲೆನ್ಸರ್ ಬಾಯಿಯ ಹಿಂದೆ ಅಂಗೈ ಹಿಡಿಯಲು ಹೇಳಿದ. ಇಂಜಿನ್ ಅಷ್ಟು ಗುಡುಗುತ್ತಿದ್ದರೂ ಕೈಗೆ ತಾಕಿದ್ದು ಮುದುಕರ ಉಸಿರಿನಷ್ಟೇ ಗಾಳಿ. ಚೂರುಗಳು ದಾರಿ ಕಟ್ಟಿದ್ದವು.

ಅವನು ಹೇಳಿದ್ದು ಜೇನುಗೂಡಿನಂತೆ ಸಣ್ಣ ಸಣ್ಣ ಕಂಡಿಗಳಿರುವ ಪಿಂಗಾಣಿಯ ಇಟ್ಟಿಗೆಯ ವಿಷಯ, ಕ್ಯಾಟಲಿಟಿಕ್ ಕನ್ವರ್ಟರಿನ ಜೀವ ಅದೇ. ಗೋಡೆಗಳಿಗೆಲ್ಲ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳು ಲೇಪ. ಸುಮಾರು 300 ಡಿಗ್ರಿ ಕಾದ ಮೇಲೆ, ಅಲ್ಲಿ ಹಾದು ಬರುವ ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲು, ನೈಟ್ರೋಜನ್ ಆಕ್ಸೈಡುಗಳು ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕವಾಗಿ ಹೊರಬೀಳುತ್ತವೆ. ನಮ್ಮ ದೇಶದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲಿ ಇದು ಕಡ್ಡಾಯವಾಯಿತು. ಸೀಸ ಈ ಲೇಪವನ್ನು ಕೊಲ್ಲುವುದರಿಂದ ಸೀಸವಿಲ್ಲದ ಪೆಟ್ರೋಲೂ ಜೊತೆಗೇ ಬಂತು.

ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಬೇರೆಯವರ ಕಾಯಿಲೆ ಅದಕ್ಕೆ ತಗಲುತ್ತದೆ. ನನ್ನ ಕಾರಿನಲ್ಲಿ ಒಂದು ಇಗ್ನಿಷನ್ ಕಾಯಿಲ್ ಕೆಟ್ಟು ಮಿಸ್‌ಫೈರ್ ಆಗುತ್ತಿತ್ತು. ಇಂಜಿನ್‌ನಲ್ಲಿ ಉರಿಯಬೇಕಾದ ಪೆಟ್ರೋಲು ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸಿತ್ತು. ಚೆಕ್ ಇಂಜಿನ್ ದೀಪ ಕಣ್ಣು ಮಿಟುಕಿಸಿ ಮಿಟುಕಿಸಿ ಹೇಳಿದ್ದು ಅದನ್ನೇ. ಆ ದೀಪ ಮಿಟುಕಿದರೆ ಕಾರನ್ನು ಓಡಿಸಬಾರದು. ಆಯಿಲ್ ಕುಡಿಯುವ ಇಂಜಿನ್ನೂ ಕನ್ವರ್ಟರನ್ನು ಕೊಲ್ಲುತ್ತದೆ. ಮೂಲ ರೋಗ ಬಿಟ್ಟು ಕನ್ವರ್ಟರನ್ನಷ್ಟೇ ಬದಲಾಯಿಸಿದರೆ ದುಡ್ಡು ಮತ್ತೆ ಸುಡುತ್ತದೆ.

ಕನಕಪುರ, ಮಾಗಡಿಯ ಹಳ್ಳಿದಾರಿಗಳಲ್ಲಿ ಸುಗ್ಗಿಯ ಹೊತ್ತಿಗೆ ಹುರುಳಿ, ರಾಗಿ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಒಣ ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡರೆ ಸಾಕು, ಕಾದ ಕನ್ವರ್ಟರ್ ಕಿಡಿ ಇಲ್ಲದೆಯೇ ಅದಕ್ಕೆ ಬೆಂಕಿ ಹಚ್ಚಬಲ್ಲದು. ಮಿಸ್‌ಫೈರ್ ಆಗುವ ಕಾರಿನಲ್ಲಂತೂ ಅದು ಕೆಂಡ. ಆ ತಿಂಗಳೆಲ್ಲ ನಾನು ಆ ದಾರಿಯಲ್ಲೇ ಓಡಾಡಿದ್ದೆ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹೊಸದರ ಬೆಲೆ ಕೇಳಿ ಪರಿಚಯದವರೊಬ್ಬರು, "ಒಳಗಿಂದು ತೆಗೆಸಿ ಖಾಲಿ ಡಬ್ಬಿ ಕೂರಿಸಿ ಸಾರ್, ಪಿಕಪ್ಪೂ ಬರ್ತದೆ" ಎಂದರು. ಮನಸ್ಸು ಒಪ್ಪಲಿಲ್ಲ. ಕಾರಿನ ಮಿಕ್ಕೆಲ್ಲ ಭಾಗ ಒಳಗೆ ಕೂತ ನನಗಾಗಿ ದುಡಿಯುತ್ತದೆ; ಇದೊಂದು ಮಾತ್ರ ಹಿಂದೆ ನಡೆದು ಬರುವವರಿಗಾಗಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಮೂಟೆ ಹೊತ್ತವರು ನನ್ನ ಸೈಲೆನ್ಸರಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಯುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅವರಿಗೆ ತಿಳಿಯುವುದೂ ಇಲ್ಲ.

ಕಾಯಿಲ್ ಬದಲಾಯಿಸಿ, ಹೊಸ ಕನ್ವರ್ಟರ್ ಹಾಕಿಸಿದೆ. ಮರುದಿನ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿ, ಹಿಂದೆ ಹೋಗಿ ಅಂಗೈ ಹಿಡಿದೆ. ಗಾಳಿ ಒಂದೇ ಸಮನೆ ತಳ್ಳಿತು. ಕೈ ತೇವವಾಯಿತು.