ಎರಡು ಫೈನಲ್ಲು, ಒಂದು ಅಡಿಗೆಮನೆ

ಹೆಂಗಸರಿಗೆ ಆಟದ ಹುಚ್ಚು ಇರಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ತಿಳಿಯದು. ಸೀರೆಯ ಹುಚ್ಚು, ಚಿನ್ನದ ಹುಚ್ಚು, ಧಾರಾವಾಹಿಯ ಹುಚ್ಚು ಇದ್ದರೆ ಯಾರೂ ಏನೂ ಅನ್ನುವುದಿಲ್ಲ. "ನನಗೆ ಟೆನ್ನಿಸ್ ಅಂದ್ರೆ ಪ್ರಾಣ" ಅಂದು ನೋಡಿ. ಎದುರಿಗಿದ್ದವರು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಹೌದಾ? ನೀವು ಆಡ್ತಿದ್ರಾ?" ಎಂದು ಕೇಳುತ್ತಾರೆ. ಆಡಿದವರು ಮಾತ್ರ ನೋಡಬೇಕು ಅಂತಾದರೆ ನಮ್ಮೂರಿನಲ್ಲಿ ಕ್ರಿಕೆಟ್ ನೋಡುವ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಟೀವಿ ಆರಿಸಿ ಮಲಗಬೇಕಾದೀತು!

ನಾನು ಆಡಿದ್ದು ಖೋ ಖೋ ಮಾತ್ರ. ಅದೂ ಹೈಸ್ಕೂಲಿನ ಮೂರು ವರ್ಷ. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಆಟವೂ ಮುಗಿಯಿತು. ನೋಡುವ ಹುಚ್ಚು ಉಳಿಯಿತು. ಎದುರು ಮನೆಯ ಟೀವಿಯಲ್ಲಿ ವಿಂಬಲ್ಡನ್ ಫೈನಲ್ ನೋಡುತ್ತಿದ್ದೆವು. 1993ರಲ್ಲಿ ಸ್ಟೆಫಿ ಗ್ರಾಫ್ ಎದುರು ಯಾನಾ ನೊವೊಟ್ನಾ ಕೊನೆಯ ಸೆಟ್ಟಿನಲ್ಲಿ 4-1ರಿಂದ ಮುಂದಿದ್ದಳು. ಅಲ್ಲಿಂದ ಸೋತಳು. ಬಹುಮಾನ ಕೊಡಲು ಬಂದ ಕೆಂಟ್ ಪ್ರಾಂತ್ಯದ ಡಚೆಸ್ ಅವರ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಇಲ್ಲಿ ನನ್ನ ಕಣ್ಣಲ್ಲೂ ನೀರು. ಅದೇ ನೊವೊಟ್ನಾ 1998ರಲ್ಲಿ ಗೆದ್ದಾಗ ನಾನು ಮದುವೆಯಾಗಿ ಮೊದಲ ಆಷಾಢಕ್ಕೆ ತವರಿಗೆ ಬಂದಿದ್ದೆ. ತವರಿನಲ್ಲಿ ಸಿಕ್ಕ ಉಡುಗೊರೆಗಳಲ್ಲಿ ಅದೂ ಒಂದು ಎಂದು ಇವತ್ತಿಗೂ ಎಣಿಸುತ್ತೇನೆ.

ಬೇಸಿಗೆಯ ಆಟಗಳು ಅನ್ನುತ್ತಾರಲ್ಲ, ಅದು ಅವರ ಬೇಸಿಗೆ, ನಮಗೆ ಆಷಾಢ. ಲಂಡನ್ನಿನಲ್ಲಿ ಬಿಸಿಲಿಗೆ ಟೋಪಿ ಹಾಕಿ ಕೂತಿರುತ್ತಾರೆ, ನಮ್ಮ ಮಲೆನಾಡಿನ ಹಿತ್ತಲಲ್ಲಿ ಜಿಟಿಜಿಟಿ ಮಳೆ. ಆ ಹೊತ್ತಿಗೆ ಹಲಸಿನ ಹಪ್ಪಳ ಕರಿದು ಮುಂದಿಟ್ಟುಕೊಂಡು ಟೀವಿ ನೋಡುವ ಸುಖ ಆ ಟೋಪಿಯವರಿಗೆ ಎಲ್ಲಿಂದ ಬರಬೇಕು? ಇಷ್ಟು ವರ್ಷ ನೋಡಿದ ಆಟಗಳಲ್ಲಿ, ಮೂರೇ ದಿನಕ್ಕೆ ಅಷ್ಟೆಲ್ಲ ಒಟ್ಟಿಗೆ ಬಂದದ್ದು ಅಂದರೆ 2019ರ ಜುಲೈ 12, 13 ಮತ್ತು 14.

ಅದಕ್ಕೆ ಎರಡು ದಿನ ಮೊದಲು ನಮ್ಮ ಮನೆಯಲ್ಲಿ ಸೂತಕದ ಕಳೆ. ವಿಶ್ವಕಪ್ ಕ್ರಿಕೆಟ್ಟಿನ ಸೆಮಿಫೈನಲ್ಲಿನಲ್ಲಿ ಭಾರತ ನ್ಯೂಜಿಲೆಂಡಿಗೆ 18 ರನ್ನಿನಿಂದ ಸೋತಿತ್ತು. ಆ ಪಂದ್ಯಾವಳಿಯಲ್ಲಿ ಐದು ಶತಕ ಹೊಡೆದಿದ್ದ ರೋಹಿತ್ ಶರ್ಮಾ 1, ಕೊಹ್ಲಿ 1, ನಮ್ಮ ರಾಹುಲ್ ಕೂಡ 1. ಜಡೇಜ ಮತ್ತು ಧೋನಿ ಎಳೆದು ಎಳೆದು ದಡದ ಹತ್ತಿರ ತಂದರೆ, ಗಪ್ಟಿಲ್ ದೂರದಿಂದ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಧೋನಿ ರನೌಟ್. ನಮ್ಮ ಯಜಮಾನರು ಆ ರಾತ್ರಿ ಮಜ್ಜಿಗೆಯನ್ನೂ ಮುಟ್ಟಲಿಲ್ಲ. "ಇನ್ನು ಆ ಫೈನಲ್ ಯಾರಿಗೆ ಬೇಕು?" ಅಂದರು. ಭಾನುವಾರ ಮೂರು ಗಂಟೆಗೆ ಟೀವಿ ಮುಂದೆ ಮೊದಲು ಕೂತವರು ಅವರೇ, ಆ ಮಾತು ಬೇರೆ.

ಶುಕ್ರವಾರ ಪ್ರಥಮೇಕಾದಶಿ. ಅತ್ತೆಯವರಿಗೆ ಉಪವಾಸ, ನನಗೆ ಅರ್ಧ ಉಪವಾಸ. ಹಾಗಾಗಿ ಫೆಡರರ್-ನಡಾಲ್ ಸೆಮಿಫೈನಲ್ಲನ್ನು ಅಡಿಗೆಯ ಗಡಿಬಿಡಿಯಿಲ್ಲದೆ ನೋಡಿದೆ. ಆಗ ಫೆಡರರಿಗೆ 37 ವರ್ಷ. ನಾಲ್ಕು ಸೆಟ್ಟಿನಲ್ಲಿ ಗೆದ್ದ. ಏಕಾದಶಿಯ ಪುಣ್ಯ ಅಂದುಕೊಂಡೆ.

ಶನಿವಾರ ಹೆಂಗಸರ ಫೈನಲ್. ಒಂದು ಕಡೆ ಸೆರೀನಾ ವಿಲಿಯಮ್ಸ್, ಎರಡು ವರ್ಷ ತುಂಬದ ಮಗುವಿನ ತಾಯಿ. ಇನ್ನೊಂದು ಕಡೆ ರೊಮೇನಿಯಾದ ಸಿಮೋನಾ ಹಾಲೆಪ್. 56 ನಿಮಿಷದಲ್ಲಿ 6-2, 6-2! ಇಡೀ ಪಂದ್ಯದಲ್ಲಿ ಹಾಲೆಪ್ ತಾನಾಗಿ ಮಾಡಿದ ತಪ್ಪು ಮೂರೇ ಮೂರು. ಟೆನ್ನಿಸಿನಲ್ಲಿ ಏನಾದರೂ ಆಗಬೇಕೆಂದರೆ ವಿಂಬಲ್ಡನ್ ಫೈನಲ್ ಆಡಬೇಕು ಎಂದು ತನ್ನ ತಾಯಿ ಚಿಕ್ಕಂದಿನಲ್ಲೇ ಹೇಳಿದ್ದಳೆಂದು ಆಕೆ ಆಮೇಲೆ ನೆನೆಸಿಕೊಂಡಳು. ಸೆರೀನಾಗೆ ತಾಯಿಯಾದ ಮೇಲೆ ಅದು ಸೋತ ಮೂರನೆಯ ದೊಡ್ಡ ಫೈನಲ್. ಅವಳು ಹುಡುಕುತ್ತಿದ್ದ 24ನೇ ದೊಡ್ಡ ಪ್ರಶಸ್ತಿ ಕೊನೆಗೂ ಕೈಗೆ ಸಿಗಲಿಲ್ಲ. ಆದರೆ ಮಗು ಹೆತ್ತು ಎರಡು ವರ್ಷದೊಳಗೆ ಮೂರು ಫೈನಲ್ ಆಡಿದ್ದನ್ನು ಸೋಲು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಬಾಣಂತನ ಮುಗಿಸಿದವರಿಗೆಲ್ಲ ಗೊತ್ತು, ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬರುವುದೇ ಒಂದು ಫೈನಲ್.

ಅದೇ ಶನಿವಾರ ಅಸ್ಸಾಮಿನ ರೈತರ ಮಗಳು ಹಿಮಾ ದಾಸ್ ಚೆಕ್ ದೇಶದ ಕ್ಲಾಡ್ನೋದಲ್ಲಿ 200 ಮೀಟರ್ ಓಡಿ ಚಿನ್ನ ಗೆದ್ದಳು. ಆ ತಿಂಗಳು 19 ದಿನಗಳಲ್ಲಿ ಅವಳಿಗೆ ಬಂದದ್ದು ಐದು ಚಿನ್ನ. ಆಗ ಅವಳ ಊರಿನ ಕಡೆ ಪ್ರವಾಹ. ತನ್ನ ತಿಂಗಳ ಸಂಬಳದಲ್ಲಿ ಅರ್ಧ ಪರಿಹಾರ ನಿಧಿಗೆ ಕೊಟ್ಟಳು. ನನ್ನ ಮಗಳು ಆಗ ಎಂಟನೇ ಕ್ಲಾಸು, ಶಾಲೆಯ ಖೋ ಖೋ ತಂಡದಲ್ಲಿದ್ದಳು. "ದೊಡ್ಡವಳಾದ್ಲು, ಇನ್ನು ಚಡ್ಡಿ ಹಾಕ್ಕೊಂಡು ಓಡೋದು ಸಾಕು" ಎಂದು ನೆಂಟರೊಬ್ಬರು ಅಂದದ್ದಕ್ಕೆ ಆಟ ಬಿಡುತ್ತೇನೆಂದು ಕೂತಿದ್ದಳು. ನಾನು ಉಪದೇಶ ಮಾಡಲಿಲ್ಲ. ಪೇಪರಿನಲ್ಲಿ ಬಂದ ಹಿಮಾಳ ಚಿತ್ರ ಕತ್ತರಿಸಿ ಅವಳ ಬೀರುವಿನ ಒಳಬಾಗಿಲಿಗೆ ಅಂಟಿಸಿದೆ. ಪಿಯುಸಿ ಮುಗಿಯುವವರೆಗೂ ಅವಳು ಆಡಿದಳು. ಚಿತ್ರ ಇನ್ನೂ ಅಲ್ಲೇ ಇದೆ.

ಇನ್ನು ಭಾನುವಾರದ ಕತೆ. ಮಧ್ಯಾಹ್ನ ಮೂರಕ್ಕೆ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್-ನ್ಯೂಜಿಲೆಂಡ್ ವಿಶ್ವಕಪ್ ಫೈನಲ್. ಸಂಜೆ ಆರೂವರೆಗೆ ಅದೇ ಲಂಡನ್ನಿನಲ್ಲಿ ಫೆಡರರ್-ಜೊಕೊವಿಚ್. ಇವೆರಡು ಸಾಲದು ಎಂದು ಸಿಲ್ವರ್‌ಸ್ಟೋನಿನಲ್ಲಿ ಕಾರು ರೇಸು. ಅದು ನನ್ನ ಮಗನ ಪಾಲು. ಹ್ಯಾಮಿಲ್ಟನ್ ತನ್ನ ದೇಶದ ರೇಸನ್ನು ಆರನೆಯ ಸಲ ಗೆದ್ದನೆಂದು ಗೆಳೆಯನ ಮನೆಯಿಂದ ಕುಣಿಯುತ್ತ ಬಂದ.

ಇಂಥ ದಿನಕ್ಕೆ ತಯಾರಿ ಬೇಕು, ಸೋದರಿಯರೇ. ಕೆಸುವಿನೆಲೆಗೆ ಹಿಟ್ಟು ಸವರಿ ಪತ್ರೊಡೆಯನ್ನು ಬೆಳಿಗ್ಗೆಯೇ ಬೇಯಿಸಿಟ್ಟಿದ್ದೆ. ಸಂಜೆ ಬಿಲ್ಲೆಯಾಗಿ ಹೆಚ್ಚಿ ಕಾವಲಿಯ ಮೇಲೆ ಹುರಿದರೆ ಆಯಿತು. ರಾತ್ರಿಗೆ ಅನ್ನ, ಕಟ್ಟಿನ ಸಾರು, ಮೊಸರು. ನಡುಮನೆಯ ಟೀವಿ ಕ್ರಿಕೆಟ್ಟಿಗೆ ಹೋಗಿತ್ತು. ನಾನು ನನ್ನ ಮೊಬೈಲನ್ನು ಅಡಿಗೆಮನೆಯ ಅವಲಕ್ಕಿ ಡಬ್ಬಿಗೆ ಒರಗಿಸಿ ಟೆನ್ನಿಸ್ ಹಚ್ಚಿದೆ. ನಡುಮನೆಯ ಗಲಾಟೆ ತಾಳಲಾರದೆ ಅತ್ತೆಯವರೂ ಮಣೆ ಹಾಕಿಕೊಂಡು ನನ್ನ ಪಕ್ಕ ಬಂದು ಕೂತರು. ಅರ್ಧ ಗಂಟೆಯಲ್ಲಿ ಅವರಿಗೆ ಫೆಡರರ್ "ನಮ್ಮ ಹುಡುಗ" ಆಗಿಬಿಟ್ಟ.

ಐದನೆಯ ಸೆಟ್ಟು ಶುರುವಾಗುವ ಹೊತ್ತಿಗೆ ಒಂಬತ್ತೂವರೆ ದಾಟಿತ್ತು. ನಡುಮನೆಯಿಂದ ಯಜಮಾನರ ದನಿ: "ಏನೇ, ಊಟ ಬಡಿಸ್ತೀಯಾ?"

ಮದುವೆಯಾಗಿ ಇಪ್ಪತ್ತೊಂದು ವರ್ಷ. ಆ ದನಿ ಕೇಳಿದರೆ ಸಾಕು, ಕಾಲು ತಾನಾಗಿ ಏಳುತ್ತಿತ್ತು. ಎಷ್ಟೋ ಆಟಗಳ ಕೊನೆಯನ್ನು ನಾನು ಕಿವಿಯಲ್ಲೇ ನೋಡಿದವಳು. ಆ ರಾತ್ರಿ ಕಾಲು ಏಳಲಿಲ್ಲ. "ಎಲ್ಲ ಮುಚ್ಚಿಟ್ಟಿದೀನಿ, ನೀವೇ ಬಡಿಸ್ಕೊಳ್ಳಿ. ಇಲ್ಲಿ ಐದನೇ ಸೆಟ್ಟು" ಅಂದೆ. ಒಂದು ಕ್ಷಣ ಮನೆಯೆಲ್ಲ ಗಪ್‌ಚುಪ್. ನನ್ನ ಎದೆ ಡವಡವ. ಅದು ಟೆನ್ನಿಸಿಗಾಗಿ ಅಲ್ಲ. ಅತ್ತೆಯವರು ಏನನ್ನುತ್ತಾರೋ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅವರು ಮೊಬೈಲಿನಿಂದ ಕಣ್ಣು ಕೀಳದೆ, "ಅನ್ನ ಎಲ್ಲಿದೆ ಅಂತ ಅವ್ನಿಗೆ ಗೊತ್ತಿಲ್ವಾ? ನೀನು ನೋಡು, ನಮ್ಮ ಹುಡ್ಗಂದು ಏನಾಯ್ತು ಅಂತ" ಅಂದರು. ನಡುಮನೆಯಿಂದ ಯಜಮಾನರೂ ಮಗನೂ ಬಂದು ಸದ್ದಿಲ್ಲದೆ ತಟ್ಟೆ ಹಾಕಿಕೊಂಡರು.

ನಮ್ಮ ಹುಡುಗನದು ಏನಾಯಿತು ಎಂದು ನಿಮಗೂ ಗೊತ್ತಿರಬಹುದು. 8-7, 40-15; ಗೆಲ್ಲಲು ಎರಡು ಅವಕಾಶ, ಸರ್ವಿಸೂ ಅವನದೇ. ಎರಡನ್ನೂ ಜೊಕೊವಿಚ್ ಕಿತ್ತುಕೊಂಡ. ಹಿಂದಿನ ವರ್ಷ ಒಂದು ಸೆಮಿಫೈನಲ್ 6 ಗಂಟೆ 36 ನಿಮಿಷ ನಡೆದದ್ದರಿಂದ, ಕೊನೆಯ ಸೆಟ್ಟು 12-12 ಆದರೆ ಟೈಬ್ರೇಕ್ ಎಂದು ವಿಂಬಲ್ಡನ್ನಿನವರು ಹೊಸ ನಿಯಮ ಮಾಡಿದ್ದರು. ಆ ನಿಯಮಕ್ಕೆ ಮೊದಲು ಸಿಕ್ಕಿದ ಸಿಂಗಲ್ಸ್ ಪಂದ್ಯ ಇದೇ. 4 ಗಂಟೆ 57 ನಿಮಿಷದ ಮೇಲೆ ಜೊಕೊವಿಚ್ ಗೆದ್ದ. ಆದರೆ ಲೆಕ್ಕ ನೋಡಿ: ಒಟ್ಟು ಪಾಯಿಂಟು ಫೆಡರರಿಗೆ 218, ಜೊಕೊವಿಚನಿಗೆ 204. ಗೇಮುಗಳು 36ಕ್ಕೆ 32. ಎಲ್ಲದರಲ್ಲೂ ಮುಂದಿದ್ದು ಸೋತ. "ಬೆಳಗಿಂದ ಒಲೆ ಮುಂದೆ ಬೆಂದವಳು ಒಬ್ಳು, ಹೋಳಿಗೆ ಚೆನ್ನಾಗಿದೆ ಅಂತ ಹೊಗಳಿಸ್ಕೊಂಡವ್ಳು ಬಡಿಸಿದವ್ಳು. ಹಂಗಾಯ್ತಲ್ಲೇ" ಅಂದರು ಅತ್ತೆ.

ಕಣ್ಣೊರೆಸಿಕೊಂಡು ನಡುಮನೆಗೆ ಬಂದರೆ ಅಲ್ಲಿ ಇನ್ನೊಂದು. ನ್ಯೂಜಿಲೆಂಡ್ 241. ಇಂಗ್ಲೆಂಡಿಗೆ ಕೊನೆಯ ಓವರಿನಲ್ಲಿ 15 ಬೇಕಿತ್ತು. ಗಪ್ಟಿಲ್ ಎಸೆದ ಚೆಂಡು ಓಡಿ ಬರುತ್ತ ಬಿದ್ದ ಸ್ಟೋಕ್ಸನ ಬ್ಯಾಟಿಗೆ ತಗುಲಿ ಬೌಂಡರಿ! ಧೋನಿಯನ್ನು ಔಟ್ ಮಾಡಿದ ಅದೇ ಕೈ. ಆ ಸ್ಟೋಕ್ಸ್ ಹುಟ್ಟಿದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲೇ. ಇಂಗ್ಲೆಂಡೂ 241. ಸೂಪರ್ ಓವರಿನಲ್ಲಿ ಇವರೂ 15, ಅವರೂ 15. ಕೊನೆಯ ಚೆಂಡಿಗೆ ಎರಡನೇ ರನ್ನಿಗೆ ಓಡಿ ರನೌಟ್ ಆದವನೂ ಗಪ್ಟಿಲ್ಲೇ. ಆಗ ಗಂಟೆ ಹನ್ನೆರಡರ ಹತ್ತಿರ.

"ಇಬ್ಬರೂ ಸಮ ಅಂದ್ಮೇಲೆ ಗೆದ್ದವರು ಯಾರು?" ಅತ್ತೆ ಕೇಳಿದರು.

"ಇಂಗ್ಲೆಂಡ್. ಅವರು ಬೌಂಡರಿ ಜಾಸ್ತಿ ಹೊಡೆದಿದಾರೆ. ಅವರದು 26, ಇವರದು 17" ಅಂದರು ಯಜಮಾನರು.

"ಇದ್ಯಾವ ನ್ಯಾಯವೋ? ಒಂದೊಂದೇ ಓಡಿ ಓಡಿ ಕೂಡಿಸಿದ್ದಕ್ಕೆ ಬೆಲೆ ಇಲ್ವಾ?"

ಅತ್ತೆಯವರ ಆ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ನಮ್ಮ ಬದುಕೆಲ್ಲ ಒಂದೊಂದೇ ರನ್ನಿನ ಲೆಕ್ಕವಲ್ಲವೇ? ಹಾಲು ಕಾಯಿಸಿದ್ದು ಒಂದು, ಹಿಟ್ಟು ರುಬ್ಬಿದ್ದು ಒಂದು, ಮಾತ್ರೆ ಕೊಟ್ಟದ್ದು ಒಂದು. ಇಡೀ ದಿನ ಓಡಿ ಕೂಡಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಕ್ಕೊಮ್ಮೆ ಯಜಮಾನರು ಒಂದು ರೇಷ್ಮೆ ಸೀರೆ ತಂದರೆ ಅದು ಬೌಂಡರಿ, ಬೀದಿಗೆಲ್ಲ ಸುದ್ದಿ. ಸೀರೆ ಬೇಡವೆಂದಲ್ಲ, ಬರಲಿ! ಆದರೆ ಮೊತ್ತ ಸಮನಾದಾಗ ಓಡಿದವರೇ ಸೋತರು ಅನ್ನುವ ನಿಯಮ ಯಾಕೆ?

ನಿಯಮ ಆಕಾಶದಿಂದ ಬಿದ್ದದ್ದಲ್ಲ, ಮನುಷ್ಯರೇ ಮಾಡಿದ್ದು. ಅದಕ್ಕೇ ಬದಲಾಗುತ್ತದೆ. ಅದೇ ವರ್ಷ ಅಕ್ಟೋಬರಿನಲ್ಲಿ ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಮಂಡಳಿ ಬೌಂಡರಿ ಎಣಿಸುವ ಪದ್ಧತಿ ಕೈಬಿಟ್ಟಿತು. ಇನ್ನು ಸೆಮಿಫೈನಲ್, ಫೈನಲ್ಲಿನಲ್ಲಿ ಒಬ್ಬರು ಗೆಲ್ಲುವವರೆಗೂ ಸೂಪರ್ ಓವರ್ ಎಂದಾಯಿತು. 2022ರಲ್ಲಿ ಟೆನ್ನಿಸಿನ ನಾಲ್ಕೂ ದೊಡ್ಡ ಪಂದ್ಯಾವಳಿಗಳಲ್ಲಿ ಕೊನೆಯ ಸೆಟ್ಟು 6-6 ಆದರೆ ಹತ್ತು ಪಾಯಿಂಟಿನ ಟೈಬ್ರೇಕ್ ಬಂತು. ಅಷ್ಟು ದೊಡ್ಡ ದೊಡ್ಡ ಮಂಡಳಿಗಳೇ ನಿಯಮ ತಿದ್ದುವಾಗ ನಮ್ಮ ಮನೆಯದೇನು ಮಹಾ?

ನಮ್ಮ ಮನೆಯ ನಿಯಮ ಆ ವಾರವೇ ತಿದ್ದುಪಡಿಯಾಯಿತು. ಭಾನುವಾರ ರಾತ್ರಿ ಅಡಿಗೆ ನನ್ನದು, ಬಡಿಸುವುದು ಅವರವರದು, ಪಾತ್ರೆ ಮಗನದು. ಮೊದಲೆರಡು ವಾರ ಯಜಮಾನರು ಉಪ್ಪಿನಕಾಯಿ ಭರಣಿ ಹುಡುಕುವುದರಲ್ಲೇ ಅರ್ಧ ಊಟ ಕಳೆದರು. ಆಮೇಲೆ ರೂಢಿಯಾಯಿತು. ಜಗಳವಿಲ್ಲ, ಭಾಷಣವಿಲ್ಲ.

ನಿಮಗೂ ಒಂದು ಮಾತು. ವಿಂಬಲ್ಡನ್ ಫೈನಲ್ ಬರುವುದು ಹೆಚ್ಚುಕಡಿಮೆ ಆಷಾಢದಲ್ಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನೆಂಟರ ಕಾಟವೂ ಕಮ್ಮಿ. ಹಿಂದಿನ ದಿನವೇ ದೋಸೆ ಹಿಟ್ಟು ರುಬ್ಬಿಡಿ, ಹಪ್ಪಳದ ಡಬ್ಬಿ ಕೈಗೆಟುಕುವಲ್ಲಿಡಿ. ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ನಾನು ಏಳುವುದಿಲ್ಲ ಎಂದು ಬೆಳಿಗ್ಗೆಯೇ ಎಲ್ಲರಿಗೂ ಹೇಳಿಬಿಡಿ. ಟೆನ್ನಿಸ್ ಬೇಡವಾದರೆ ಹಾಡು ಕೇಳಿ, ಕಾದಂಬರಿ ಓದಿ. ಹೊತ್ತು ಮಾತ್ರ ನಿಮ್ಮದಾಗಿರಲಿ.

ಅತ್ತೆಯವರು ಈಗಲೂ ಜುಲೈ ಬಂತೆಂದರೆ, "ನಮ್ಮ ಹುಡ್ಗ ಆಡ್ತಾನೇನೇ?" ಎಂದು ಕೇಳುತ್ತಾರೆ. 2022ರಲ್ಲೇ ಆಟದಿಂದ ನಿವೃತ್ತನಾದ ಎಂದು ಪ್ರತಿ ಸಲವೂ ಹೇಳುತ್ತೇನೆ. ಈ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹೋಗ್ಲಿ ಬಿಡು. ಮನೇಲಿ ಕೂತು ಅವ್ನೂ ಬಡಿಸ್ಕೊಂಡು ಉಣ್ಣೋದು ಕಲ್ತಿರ್ಬೇಕು."