ಲಾರಿಯ ಹಿಂದೆ ನಿಂತವರು

ನಾವು ಕಲಿತ ಮೊದಲ ಇಂಗ್ಲಿಷ್ ಎ ಬಿ ಸಿ ಅಲ್ಲ, 'ಹೋಲ್ಡಾನ್'. ಕಲಿಸಿದ್ದು ಶಾಲೆಯಲ್ಲ, ಮಂಡಿ. ಲಾರಿ ರಿವರ್ಸಿನಲ್ಲಿ ಗೋದಾಮಿನ ಕಟ್ಟೆಗೆ ಬರುವಾಗ ಹಿಂದೆ ನಿಂತು 'ಬರ್ಲಿ, ಬರ್ಲಿ' ಅಂತ ಕೂಗೋದು ನಮ್ಮಂಥ ಹಮಾಲರ ಮಕ್ಕಳ ಕೆಲಸ. ಕೂಲಿ ಒಂದು ಬನ್ನು, ಅರ್ಧ ಟೀ.

ಲಾರಿಯ ಹಿಂದೆ ಏನಿದೆಯೆಂದು ಡ್ರೈವರನಿಗೆ ಕಾಣುವುದಿಲ್ಲ. ಅವನ ಕನ್ನಡಿಗಳು ಮಗ್ಗುಲನ್ನಷ್ಟೇ ತೋರಿಸುತ್ತವೆ. ಐವತ್ತು ಕಿಲೋ ಮೂಟೆ ಹೊತ್ತ ನಮ್ಮಪ್ಪನಿಗೂ ಕಾಣುವುದಿಲ್ಲ. ಬಾಗಿದ ಕತ್ತು ತನ್ನ ಕಾಲನ್ನಷ್ಟೇ ನೋಡಬಲ್ಲದು. ಉದುರಿದ ಕಾಳು ಗುಡಿಸಿಕೊಳ್ಳುವ ನಮ್ಮವ್ವ ನೆಲ ನೋಡುತ್ತಾಳೆ. ಈ ಮೂವರಿಗೂ ಕಣ್ಣು ನಾವು, ಹತ್ತು ವರ್ಷದ ಹುಡುಗರು.

ಅವತ್ತು ಪಕ್ಕದ ಲಾರಿಯ ಇಂಜಿನ್ನೂ ಗುಡುಗುತ್ತಿತ್ತು. 'ಹೋಲ್ಡಾನ್' ಅಂದೆವು. ಡ್ರೈವರನಿಗೆ ಕೇಳಲಿಲ್ಲ. ಲಾರಿಗೂ ಕಟ್ಟೆಗೂ ನಡುವೆ ಸೋದರಮಾವನ ಕಾಲು ಸಿಕ್ಕಿಕೊಂಡಿತು. ಕಾಲು ಹೋಯಿತು.

'ಕುಡಿದಿದ್ದ ಬಿಡ್ರಿ' ಅಂದರು ಮಂಡಿಯಲ್ಲಿ. ಬೆಳಗಿನ ಆರು ಗಂಟೆ. ಮಾವ ಟೀ ಕೂಡ ಕುಡಿದಿರಲಿಲ್ಲ. 'ನಮ್ಮ ಆಳಲ್ಲ, ಲಾರಿಯವರನ್ನ ಕೇಳ್ರಿ' ಅಂದರು ಸಾವ್ಕಾರರು. 'ಮಂಡಿಯವರನ್ನ ಕೇಳ್ರಿ' ಅಂದರು ಲಾರಿಯವರು. ದುಡಿಯುವಾಗ ಇಬ್ಬರಿಗೂ ಆಳಾಗಿದ್ದವನು ಕಾಲು ಹೋದ ಮೇಲೆ ಯಾರಿಗೂ ಆಳಲ್ಲ!

ಕೇರಿಯಿಂದ ಮೊದಲು ಕಾಲೇಜಿಗೆ ಹೋದ ನಾವು ಆಮೇಲೆ ಓದಿ ತಿಳಿದೆವು. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂಬ ಕಾಯ್ದೆ 1923ರಲ್ಲೇ ಬಂದಿತ್ತು. ಯಾರಿಗೂ ಅಪಾಯವಿಲ್ಲವೆಂದು ಖಾತ್ರಿಯಾಗದೆ ಗಾಡಿಯನ್ನು ಹಿಂದಕ್ಕೆ ಬಿಡಬಾರದೆಂದು 1989ರ ರಸ್ತೆ ನಿಯಮಗಳಲ್ಲಿ ಬರೆದಿತ್ತು. ಆದರೆ ಧಣಿ ಯಾರೆಂದು ತೋರಿಸುವ ಒಂದು ಚೀಟಿಯೂ ಮಾವನ ಹತ್ತಿರ ಇರಲಿಲ್ಲ. ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ, ಹಮಾಲರಿಗೆಂದು ಕಾಯ್ದೆ ಮಾಡಿ, ಅವರ ಹೆಸರು ದಾಖಲಿಸುವ ಮಂಡಳಿಗಳಿಗೆ ದಾರಿ ಮಾಡಿತ್ತು.

ಈಗ ಲಾರಿಗಳಿಗೆ ರಿವರ್ಸ್ ಹಾರ್ನು ಬಂದಿದೆ. ನಾಲ್ಕು ಲಾರಿ ಒಟ್ಟಿಗೆ ಪೀಂಗುಟ್ಟಿದರೆ ಯಾವುದು ನಮ್ಮ ಮೇಲೆ ಬರುತ್ತಿದೆಯೋ ಗೊತ್ತಾಗುವುದಿಲ್ಲ. ಮೂಟೆಗೆ ಇಷ್ಟು ಅಂತ ಕೂಲಿ. ನಿಂತು ನೋಡಿದವನ ಹೊಟ್ಟೆಗೇ ಪೆಟ್ಟು.

ನಾವು ಕೇಳುವುದು ಭಿಕ್ಷೆಯಲ್ಲ. ಲಾರಿ ಪೂರಾ ನಿಂತು, ಗಾಲಿಗೆ ಕಲ್ಲು ಕೊಡುವ ತನಕ ಕಟ್ಟೆಯ ಸಂದಿಗೆ ಯಾರನ್ನೂ ಇಳಿಸಬಾರದು. ಡ್ರೈವರನ ಕನ್ನಡಿಯಲ್ಲಿ ಕಾಣುವಂತೆ ಮಗ್ಗುಲಲ್ಲಿ ಸಂಬಳದ ಆಳೊಬ್ಬ ನಿಲ್ಲಬೇಕು, ಮಕ್ಕಳಲ್ಲ. ಅವನು ಕನ್ನಡಿಯಿಂದ ಮರೆಯಾದ ಕೂಡಲೇ ಲಾರಿ ನಿಲ್ಲಬೇಕು. ಹಮಾಲನ ಹೆಸರು ಪುಸ್ತಕದಲ್ಲಿರಬೇಕು.

ಮೇಷ್ಟ್ರೇ, ನಿಮ್ಮ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದ ಹುಡುಗನನ್ನು ಹುಡುಕಿಕೊಂಡು ಒಂದು ಬೆಳಿಗ್ಗೆ ಮಂಡಿಗೆ ಬನ್ನಿ. ಲಾರಿಯ ಹಿಂದೆ ನಿಂತು 'ಬರ್ಲಿ, ಬರ್ಲಿ' ಅಂತ ಕೂಗುತ್ತಿರಬಹುದು.